ಖಾತೂನಬಿ ಹಿಡಿದ ಕೈ

ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೊಸ ಸಾಬೂನು ಬೇಕಾಗಿ ಕಪಾಟು ತಡಕಿದೆ. ನಾವು ದಿನಾ ಹಚ್ಚುವ ಗಂಧದ ಸಾಬೂನು ಮುಗಿದಿತ್ತು. ಮೂಲೆಯಲ್ಲಿ, ಯಾರು ಯಾವಾಗ ತಂದಿಟ್ಟಿದ್ದರೋ, ಕೆಂಪು ಸಾಬೂನಿನ ಒಂದು ಗಟ್ಟಿ ಸಿಕ್ಕಿತು. ಕಾಗದ ಬಿಚ್ಚಿ ನೀರು ಸೋಕಿಸಿದ್ದೇ ತಡ, ಆ ಘಾಟು ವಾಸನೆ ಮೂಗಿಗೆ ಬಡಿಯಿತು, ನನ್ನ ಎಡಗೈ ತಾನಾಗಿಯೇ ಮುಂದೆ ಚಾಚಿಕೊಂಡಿತು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಐವತ್ತೈದು ದಾಟಿದ ಹೈಸ್ಕೂಲಿನ ಟೀಚರ್ ಒಬ್ಬಳು ಬಚ್ಚಲಲ್ಲಿ ಗೋಡೆಯ ಕಡೆ ಕೈ ಚಾಚಿ ನಿಂತಿದ್ದಳು. ಈ ವಾಸನೆ ಬಂತೆಂದರೆ ಎದುರಿಗೆ ಖಾತೂನಬಿ ಕೂತಿರಬೇಕು. ಮದುವೆಯಾಗಿ ಸಂಶಿಗೆ ಬಂದ ದಿನದಿಂದ ನನ್ನ ಮೈ ಹಾಗೆ ಕಲಿತುಬಿಟ್ಟಿದೆ.

ಖಾತೂನಬಿ ನಮ್ಮ ಊರಿನ ಬಳೆಗಾರ್ತಿ. ಮೊದಲು ಆಕೆಯ ಅತ್ತೆ ಬಳೆ ಇಡುತ್ತಿದ್ದಳು, ಅತ್ತೆಯ ಅತ್ತೆಯೂ ಇಡುತ್ತಿದ್ದಳಂತೆ. ಈಗ ಸಂತೆಯ ಬೀದಿಯಲ್ಲಿ ಥಳಥಳ ಅನ್ನುವ ಮೂರು ಅಂಗಡಿಗಳಾಗಿವೆ, ಕಾಲೇಜಿನ ಹುಡುಗಿಯರು ಕೈಗೆ ಒಂದು ಗಡಿಯಾರ ಕಟ್ಟಿದರೆ ಮುಗಿಯಿತು. ಆದರೂ ಮದುವೆ, ಕುಬಸ ಅಂತ ಬಂದರೆ ಸಂಶಿಯಲ್ಲಾಗಲಿ ಯರಗುಪ್ಪಿಯಲ್ಲಾಗಲಿ ಹೇಳಿಕಳಿಸುವುದು ಖಾತೂನಬಿಗೇ. ಒಂದು ತಂಬಿಗೆ ನೀರು, ಕೆಂಪು ಸಾಬೂನಿನ ಒಂದು ಚೂರು, ಅಷ್ಟೇ ಆಕೆಗೆ ಬೇಕಾದದ್ದು. ನಿಮ್ಮ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಬುಡದ ಎಲುಬುಗಳನ್ನು ಒಂದೊಂದಾಗಿ ಒತ್ತುತ್ತಾಳೆ. ಹೆಬ್ಬೆರಳನ್ನು ಒಳಗೆ ಮಡಚುತ್ತಾಳೆ. "ಕೈ ಸಡ್ಲ ಬಿಡವ್ವಾ" ಅನ್ನುತ್ತಾಳೆ. ಅಷ್ಟರಲ್ಲಿ ಬಳೆ ಏರಿರುತ್ತದೆ. ಇಷ್ಟೂ ಹೊತ್ತು ಆಕೆ ನಿಮ್ಮ ಕೈ ನೋಡುವುದೇ ಇಲ್ಲ. ಮುಖ ನೋಡಿ ಮಾತಾಡುತ್ತಿರುತ್ತಾಳೆ, ಅದೂ ನಿಮ್ಮ ಮಾನ ಕಳೆಯುವ ಮಾತು. "ಮದಿವ್ಯಾಗ ಎರಡೂ ನಾಕ ಇತ್ತು ನಿಮ್ಮ ಅಳತಿ, ಈಗ ಎರಡೂ ಎಂಟು. ಸಾಲಿ ಪಗಾರ ಅಗದಿ ಚಲೋ ಮೈಗೆ ಹತ್ತೇತಿ ಬಿಡ್ರಿ ಅಕ್ಕಾರ" ಅಂತ ನಾಲ್ಕು ಮಂದಿಯ ಎದುರಿಗೆ ಹೇಳಿದ್ದಳು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕಾರ ಅನ್ನುತ್ತಾರೆ. ಮರ್ಯಾದೆಯ ಮಾತೇ, ಆದರೆ ಆಕೆಯ ಬಾಯಲ್ಲಿ ಬಂದರೆ ಕಿವಿ ಹಿಂಡಿದ ಹಾಗೆ ಇರುತ್ತದೆ.

ನನ್ನದೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಾನು ಜೀವಶಾಸ್ತ್ರದ ಟೀಚರ್. ಮೂರು ವರ್ಷದ ಹಿಂದೆ ಧಾರವಾಡದಲ್ಲಿ ಹದಿಹರೆಯದ ಮಕ್ಕಳ ಮನಸ್ಸಿನ ಬಗ್ಗೆ ಒಂದು ತರಬೇತಿಗೆ ಕಳಿಸಿದ್ದರು. ಮೂರು ದಿನ ಉಪ್ಪಿಟ್ಟು, ಒಂದು ಫೈಲು, ಒಂದು ಪೆನ್ನು, ಕೊನೆಗೆ ಒಂದು ಪ್ರಮಾಣಪತ್ರ. ಮಕ್ಕಳು ಯಾಕೆ ತಮ್ಮ ಮೈಗೆ ತಾವೇ ನೋವು ಮಾಡಿಕೊಳ್ಳುತ್ತಾರೆ, ಗೊತ್ತಾದಾಗ ನಾವು ಏನು ಮಾಡಬೇಕು ಅಂತ ಒಂದು ಇಡೀ ದಿನ ಹೇಳಿದರು. ಬಂದು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡಿದೆ. ಫೈಲಿನಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ, ಬಂದವರಿಗೆಲ್ಲ ಕಾಣುವ ಹಾಗೆ.

ಆ ಚೌಕಟ್ಟಿನ ಕೆಳಗೇ ಕೂತು ದಿನಾ ಓದುತ್ತಿದ್ದವಳು ನೇತ್ರಾ, ನನ್ನ ತಮ್ಮನ ಮಗಳು. ತಮ್ಮ ತಿರ್ಲಾಪುರದಲ್ಲಿ ಹತ್ತಿ ಬೆಳೆಯುತ್ತಾನೆ. ಹುಡುಗಿ ಹತ್ತನೆಯದರಲ್ಲಿ ಒಳ್ಳೆಯ ಅಂಕ ತೆಗೆದಳು, ಮುಂದಿನ ಕಾಲೇಜಿಗೆ ಅತ್ತೆಯ ಮನೆಯಲ್ಲಿರಲಿ ಅಂತ ತಂದು ಬಿಟ್ಟ. ಮಾತು ಕಡಿಮೆ, ಕೆಲಸ ಜಾಸ್ತಿ, ಎದುರುತ್ತರ ಇಲ್ಲವೇ ಇಲ್ಲ. ಏಪ್ರಿಲ್ ತಿಂಗಳ ಬಿಸಿಲಲ್ಲೂ ಮುಂಗೈ ತನಕ ತೋಳಿನ ಅಂಗಿ ಹಾಕುತ್ತಿದ್ದಳು. ನನಗೆ ಎಷ್ಟು ಹೆಮ್ಮೆ ಅಂದರೆ, ಹೆರಿಗೆಗೆ ಬಂದಿದ್ದ ನನ್ನ ಮಗಳು ಶೈಲಾಗೆ, "ನೋಡಿ ಕಲಿ, ಹುಡುಗಿ ಅಂದ್ರ ಹಿಂಗಿರಬೇಕು" ಅಂತ ಹೇಳಿದ್ದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಶೈಲಾಳ ಕುಬಸ ಇಟ್ಟುಕೊಂಡೆವು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಬಸುರಿಗೆ ಇಟ್ಟ ಮೇಲೆ ಮನೆಯಲ್ಲಿರುವ ಹೆಣ್ಣುಮಕ್ಕಳೆಲ್ಲ ಸಾಲಾಗಿ ಬಂದು ಬಳೆ ಇಡಿಸಿಕೊಳ್ಳಬೇಕು, ಒಬ್ಬರೂ ತಪ್ಪಿಸುವ ಹಾಗಿಲ್ಲ. ಖಾತೂನಬಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಸುತ್ತ ಹದಿನೈದಿಪ್ಪತ್ತು ಹೆಂಗಸರು, ನಗು, ಗದ್ದಲ. ನೇತ್ರಾ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ನಾನೇ ಹೋದೆ. ಮೊಣಕೈ ಹಿಡಿದು ಎಳೆದುಕೊಂಡು ಬಂದೆ. "ಬಾ ಬೇ, ಬಳಿ ಇಡಸ್ಕೊಳ್ಳಾಕ ಎಂಥಾ ನಾಚಕಿ?" ಅಂತ ಎಲ್ಲರನ್ನೂ ನಗಿಸಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ನಾನು ಅದನ್ನು ನಾಚಿಕೆ ಅಂತಲೇ ತಿಳಿದೆ.

ಖಾತೂನಬಿ ಅವಳ ಕೈ ತೊಡೆಯ ಮೇಲೆ ಇಟ್ಟುಕೊಂಡು, ಅಂಗಿಯ ತೋಳನ್ನು ಎರಡು ಬೆರಳಿನಷ್ಟು ಮೇಲೆ ಸರಿಸಿದಳು. ಯಾವುದೋ ಮದುವೆಯ ಕತೆ ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಅಷ್ಟು ವರ್ಷದಲ್ಲಿ ಆಕೆಯ ಮಾತು ನಿಂತದ್ದನ್ನು ನಾನು ಕಂಡಿರಲಿಲ್ಲ. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ತೋಳನ್ನು ಮೆಲ್ಲಗೆ ಕೆಳಗೆ ಎಳೆದಳು, ಅದರ ಮೇಲೆ ತನ್ನ ಸೆರಗು ಹಾಕಿದಳು, ಆಮೇಲೆ ಮನೆಯೆಲ್ಲ ಕೇಳುವ ಹಾಗೆ ಕೂಗಿದಳು: "ಅಯ್ಯಯ್ಯ! ಈಕಿ ಅಳತಿ ಬಳೀನ ತಂದಿಲ್ಲ ನೋಡ್ರಿ ನಾ! ಎರಡೂ ಎರಡು, ಕೂಸಿನ ಕೈ ಇದ್ದಂಗ ಐತಿ. ನಾಳೆ ನಮ್ಮ ಮನಿಗೆ ಕಳಸ್ರಿ ಅಕ್ಕಾರ, ಅಲ್ಲೇ ಇಡತೀನಿ."

ಪೆಟ್ಟಿಗೆಯಲ್ಲಿ ಆ ಅಳತೆಯ ಬಳೆಗಳು ದಾರದಲ್ಲಿ ಪೋಣಿಸಿಕೊಂಡು ಕಣ್ಣಿಗೆ ಕಾಣುವಂತೆಯೇ ಇದ್ದವು. ನಾನು ಬೆರಳು ಮಾಡಿ ತೋರಿಸಿದೆ. "ಇಲ್ಲೇ ಅದಾವಲ್ರಿ! ವಯಸ್ಸಾತು ನಿಮಗ, ಮರವು ಬಂತು" ಅಂದೆ. ಎಲ್ಲರೂ ಘೊಳ್ಳೆಂದು ನಕ್ಕರು. "ಹೌದ್ರಿ, ಮುದುಕಿ ಆದೆ, ಕಣ್ಣ ಹ್ವಾದುವು" ಅಂತ ಆಕೆಯೂ ನಕ್ಕು ಪೆಟ್ಟಿಗೆ ಮುಚ್ಚಿದಳು. ಇಡೀ ಹರೆಯ ಕಳೆದು ಗಳಿಸಿದ ಹೆಸರು ಅದು. ಖಾತೂನಬಿಗೆ ಅಳತೆ ತಪ್ಪುವುದಿಲ್ಲ, ಖಾತೂನಬಿ ಯಾರ ಕೈಯನ್ನೂ ಬರಿದು ಕಳಿಸುವುದಿಲ್ಲ ಅನ್ನುವ ಹೆಸರು. ಅದನ್ನು ಒಂದು ಹುಡುಗಿಗಾಗಿ ಎಲ್ಲರೆದುರು ಚೆಲ್ಲಿ, ನಗಿಸಿಕೊಂಡು ಕೂತಳು.

ನೇತ್ರಾ ಮರುದಿನ ಹೋದಳು. ಅದರ ಮರುದಿನವೂ ಹೋದಳು. "ಎರಡು ಡಜನ್ ಬಳಿ ಇಡಾಕ ಎಷ್ಟ ದಿನ ಬೇ?" ಅಂತ ನಾನು ಗೊಣಗಿದೆ. ಮೂರನೆಯ ದಿನ ಖಾತೂನಬಿಯಿಂದ ನನಗೇ ಕರೆ ಬಂತು. ಮಸೂತಿಯ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಹೋದರೆ ನೇತ್ರಾ ಒಳಗೆ ತಲೆ ಬಗ್ಗಿಸಿ ಕೂತಿದ್ದಳು. ಖಾತೂನಬಿ ಅವಳನ್ನು ಕೇಳಿದಳು: "ನೀ ಹೇಳತೀಯೋ, ನಾ ಹೇಳಲೋ ಬೇಟಿ?"

"ನೀವ ಹೇಳ್ರಿ ಅಜ್ಜಿ."

"ಅಕ್ಕಾರ, ಈಕಿಗೆ ಒಳಗಿನ ನೋವು ತಡಕೊಳ್ಳಾಕ ಆಗವಲ್ದು. ಅದಕ್ಕ ತನ್ನ ಕೈಗೆ ತಾನ ನೋವು ಮಾಡಕೊಳ್ಳಾಕತ್ತಾಳ. ಬೈಬ್ಯಾಡ್ರಿ. ಅಳಬ್ಯಾಡ್ರಿ. ಡಾಕ್ಟರ್ ಕಡೆ ಕರಕೊಂಡ ಹೋಗ್ರಿ, ಇದು ಅವರ ಕೆಲಸ, ನಂದು ಬಳಿ ಇಡೂ ಕೆಲಸ. ಈಗ ಮೊದಲ ಚಾ ಕುಡೀರಿ."

ಬಸಿಗೆ ಸುರಿದುಕೊಂಡ ಚಹಾ ಕುಡಿಯದೆ ಕೆಳಗಿಟ್ಟೆ. ನನ್ನ ಮನೆಯಲ್ಲಿ, ನನ್ನ ಪ್ರಮಾಣಪತ್ರದ ಕೆಳಗೆ! ದಿನಾ ಅವಳ ಕೈಯಿಂದ ರೊಟ್ಟಿ ಬಡಿಸಿಕೊಂಡು ತಿಂದವಳು ನಾನು. ಆಮೇಲೆ ತಿಳಿಯಿತು, ಮೊದಲ ದಿನವೇ ನೇತ್ರಾ, ಯಾರಿಗೂ ಹೇಳಬೇಡಿ ಅಂತ ಕಾಲು ಹಿಡಿದಿದ್ದಳಂತೆ. ಖಾತೂನಬಿ, "ಹೇಳೂದಿಲ್ಲ ಅಂತ ಮಾತ ಕೊಡಾಕ ಆಗೂದಿಲ್ಲವ್ವಾ. ಆದ್ರ ಯಾರಿಗೆ ಹೇಳಿದ್ರೂ ಮೊದಲ ನಿನಗ ಹೇಳಿ, ನಿನ್ನ ಮುಂದ ಹೇಳತೀನಿ" ಅಂದಳಂತೆ. ಫೈಲಿನಲ್ಲಿ ಇದಕ್ಕೆಂದೇ ಒಂದು ಪುಟ ಇತ್ತು. ನಾನು ಅದನ್ನು ಮೈಕಿನಲ್ಲಿ ಓದಿದ್ದೆ.

"ನಿಮಗ ಹ್ಯಾಂಗ ಗೊತ್ತಾತು?" ಅಂತ ಕೇಳಿದೆ.

"ಹಂಚು ಸುಟ್ಟದ್ದು ಬ್ಯಾರೆ ಇರತೈತ್ರಿ, ಹತ್ತಿ ಬಿಡಸೂವಾಗ ಗೀರಿದ್ದು ಬ್ಯಾರೆ, ಗಂಡ ಹೊಡದದ್ದು ಬ್ಯಾರೆ. ಬೆರಳಿಗೆ ತಿಳೀತೈತಿ. ಇದು ಮೊದಲ ಎಲ್ಲೋ ಒಂದು. ಈಗ ನಾಕೈದ ವರ್ಷದಾಗ ಮತ್ತ ಮತ್ತ ಕೈಗೆ ಸಿಗಾಕತ್ತೇತಿ. ಶ್ರೀಮಂತರ ಮನಿ, ಬಡವರ ಮನಿ, ನಮ್ಮವರು, ನಿಮ್ಮವರು, ಏನೂ ಭೇದ ಇಲ್ಲ." ಯಾರ ಹೆಸರನ್ನೂ ಹೇಳಲಿಲ್ಲ. ಚಹಾದ ಬಸಿಯನ್ನು ಮತ್ತೆ ನನ್ನ ಕಡೆ ಸರಿಸಿ, "ಇವು ಹುಡುಗ್ಯಾರು, ನನಗರೆ ಸಿಗತಾವು. ಹುಡುಗೂರ ಕೈ ಯಾರು ನೋಡತಾರ್ರಿ ಅಕ್ಕಾರ? ಅವಕ್ಕ ಬಳಿ ಇಡಾವ್ರಿಲ್ಲ" ಅಂದಳು.

ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಎಷ್ಟು ಸಾವಿರ ಹುಡುಗರು ಎದುರಿಗೆ ಕೂತು ಹೋಗಿದ್ದಾರೆ. ಒಬ್ಬನ ಕೈಯೂ ನೆನಪಿಗೆ ಬರಲಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡು ಬಂದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಮನೆಗೆ ಬಂದವಳೇ ನೇತ್ರಾಳನ್ನು ದೇವರ ಜಗುಲಿಯ ಮುಂದೆ ನಿಲ್ಲಿಸಿದೆ. "ನನ್ನ ತಲಿ ಮ್ಯಾಲ ಕೈ ಇಡು. ಇನ್ನ ಮ್ಯಾಲ ಹಿಂಗ ಮಾಡೂದಿಲ್ಲ ಅಂತ ಆಣಿ ಮಾಡು" ಅಂದೆ. ನಮ್ಮ ಮನೆತನದ ದೊಡ್ಡ ಔಷಧ ಅದು. ನನ್ನವ್ವ ತಮ್ಮನ ಬೀಡಿ ಬಿಡಿಸಿದ್ದು ಹೀಗೇ, ನಾನು ನಮ್ಮನೆಯವರ ತಂಬಾಕು ಬಿಡಿಸಿದ್ದು ಹೀಗೇ. ಆಣೆ ಮುರಿದರೆ ತಲೆ ಕೊಟ್ಟವರಿಗೆ ಕೇಡು, ಅಷ್ಟು ಭಯ ಸಾಕು. ನೇತ್ರಾ ಕೈ ಇಟ್ಟಳು, ಆಣೆ ಮಾಡಿದಳು. ಈಳಿಗೆಯನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಂದು ವಾರ ಬೀನ್ಸನ್ನು ಕೈಯಲ್ಲೇ ಮುರಿದು ಪಲ್ಯ ಮಾಡಿದೆ. ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಿದೆ. ಆಣೆಯಾದ ಮೇಲೆ ಡಾಕ್ಟರ್ ಯಾಕೆ, ಪರೀಕ್ಷೆ ಮುಗಿಯಲಿ, ಬಸ್ಸಿನಲ್ಲಿ ಯಾರಾದರೂ ಕಂಡು ಕೇಳಿದರೆ ಏನು ಹೇಳಲಿ? ಇದೇ ನನ್ನ ಲೆಕ್ಕಾಚಾರ.

ಹನ್ನೆರಡು ದಿನಕ್ಕೆ ನನಗೆ ಜ್ವರ ಬಂತು. ಊರ ತುಂಬ ಇದ್ದ ಕೀಲುನೋವಿನ ಜ್ವರವೇ, ಆದರೆ ಚಮಚ ಹಿಡಿಯಲೂ ಆಗದಷ್ಟು. ನೇತ್ರಾ ಕಾಲೇಜು ಬಿಟ್ಟಳು, ಊಟ ಬಿಟ್ಟಳು, ನನ್ನ ಹಾಸಿಗೆಯ ಬದಿಯಿಂದ ಏಳಲಿಲ್ಲ. ನೋಡಲು ಬಂದವರಿಗೆಲ್ಲ, "ಮಗಳೂ ಇಷ್ಟ ಮಾಡೂದಿಲ್ಲರಿ" ಅಂತ ಹೇಳಿದೆ. ಎರಡನೆಯ ದಿನ ಮಧ್ಯಾಹ್ನ ಖಾತೂನಬಿ ರವೆಗಂಜಿ ತಂದಳು. ಜ್ವರ ಬಂದದ್ದು ನನಗೆ, ಆಕೆ ನೋಡಿದ್ದು ನೇತ್ರಾಳನ್ನು. ಬದಿಗೆ ಕೂತು ಅವಳ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬಳೆ ಇಡುವಾಗ ಇಟ್ಟುಕೊಂಡ ಹಾಗೇ. "ಏನಾತು, ಹೇಳು" ಅಂದಳು.

ಹುಡುಗಿ ಒಮ್ಮೆಲೇ ಬಿಕ್ಕಿದಳು. "ಅಜ್ಜಿ, ಅತ್ತಿ ತಲಿ ಮ್ಯಾಲ ಆಣಿ ಮಾಡಿದ್ದೆ. ಮುರದೀನಿ. ಅದಕ್ಕ ಅತ್ತಿಗೆ ಹಿಂಗಾತು. ನಾನ ಇಲ್ಲಂದ್ರ ಅತ್ತಿ ಆರಾಮ ಆಗತಾರೇನೋ ಅಂತ ನಿನ್ನಿಯಿಂದ ಅದ ತಲ್ಯಾಗ ಬರಾಕತ್ತೇತಿ."

ಮಲಗಿದ ಹಾಸಿಗೆ ನನ್ನ ಕೆಳಗಿಂದ ಸರಿದಂತಾಯಿತು. ಇದ್ದ ನೋವು ಸಾಲದೆಂದು ನನ್ನ ಸಾವನ್ನೂ ಆ ಹದಿನೇಳರ ಹುಡುಗಿಯ ತಲೆಯ ಮೇಲೆ ಹೊರಿಸಿದ್ದೆ. ಅವಳು ಎರಡು ದಿನದಿಂದ ಅದನ್ನು ಹೊತ್ತು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಸೇವೆ ಮಾಡುತ್ತಿದ್ದಾಳೆಂದು ಹಿಗ್ಗುತ್ತಿದ್ದೆ.

ಖಾತೂನಬಿಗೆ ಸಿಟ್ಟು ಬಂದದ್ದನ್ನು ಅವತ್ತೇ ನೋಡಿದ್ದು. "ಮುಷ್ಟಿ ಬಿಗಿಹಿಡದ ಕೈಗೆ ಬಳಿ ಏರಸಾಕ ಹೋಗೀರಲ್ರಿ ಅಕ್ಕಾರ! ಆಣಿ ತಗೊಂಡಾವ್ರು ನೀವು, ವಾಪಸ್ ಕೊಡ್ರಿ. ಈಗ, ನನ್ನ ಮುಂದ."

"ಆಣಿ ವಾಪಸ್ ಕೊಡೂದು ಅಂದ್ರ? ಹಂಗ ಮಾಡೂದು ಎಲ್ಲೈತ್ರಿ?"

"ಹೆಂಗ ತಗೊಂಡ್ರಿ, ಹಂಗ."

ಎಲ್ಲಿಯೂ ಇಲ್ಲದ ಶಾಸ್ತ್ರವನ್ನು ಆಕೆ ಅಲ್ಲೇ ಕೂತು ಹುಟ್ಟಿಸಿದಳು. ನನ್ನನ್ನು ದಿಂಬಿಗೆ ಒರಗಿಸಿ ಕೂಡಿಸಿದಳು, ನೇತ್ರಾಳ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ನಾನು ಹೇಳಿದೆ: "ನೇತ್ರಾ, ನಿನ್ನ ಆಣಿ ನಿನಗ ವಾಪಸ್ ಕೊಟ್ಟೀನಿ. ನಿನ್ನಿಂದ ನನಗ ಏನೂ ಆಗಿಲ್ಲ. ಇದು ಸೊಳ್ಳಿ ಕಚ್ಚಿ ಬಂದ ಜ್ವರ. ಹಗಲ ಕಚ್ಚೂ ಸೊಳ್ಳಿ, ಹೆಣ್ಣು ಸೊಳ್ಳಿ, ಮೈಮ್ಯಾಲ ಬಿಳಿ ಪಟ್ಟಿ ಇರತಾವು." ಬಾಯಿಗೆ ಪಾಠವೇ ಬಂತು. ಮೂವತ್ತು ವರ್ಷದಲ್ಲಿ ನನ್ನ ಜೀವಶಾಸ್ತ್ರ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬಂದದ್ದು ಅವತ್ತೇ ಇರಬೇಕು. ಅಳುತ್ತಿದ್ದ ಹುಡುಗಿಗೆ ನಗು ಬಂತು. ಖಾತೂನಬಿ ನಗಲಿಲ್ಲ. "ಈಗ ಡಾಕ್ಟರ್" ಅಂದಳು. ನೇತ್ರಾಳನ್ನು ಒಬ್ಬಳನ್ನೇ ಬಿಡಬಾರದು ಅಂತ ತಾನೂ ನಮ್ಮಲ್ಲೇ ಉಳಿದಳು. ತಿರ್ಲಾಪುರಕ್ಕೆ ಫೋನ್ ಮಾಡಿಸಿ ನನ್ನ ತಮ್ಮನನ್ನು ಸಂಜೆಯೊಳಗೆ ಕರೆಸಿದಳು.

ಮರುದಿನ ಬೆಳಿಗ್ಗೆ ಧಾರವಾಡಕ್ಕೆ ಹೋದವರು ನೇತ್ರಾ, ತಮ್ಮ, ಖಾತೂನಬಿ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೇತ್ರಾ ಒಬ್ಬಳ ಜೊತೆಯೇ ತುಂಬ ಹೊತ್ತು ಮಾತಾಡಿದರಂತೆ. ನನಗೆ ಜ್ವರ ಬಿಟ್ಟ ಮೇಲೆ ನನ್ನನ್ನೂ ಕರೆಸಿದರು. ಯಾಕೆ ಹೀಗಾಯಿತು ಅನ್ನುವುದಕ್ಕೆ ಒಂದೇ ಕಾರಣ ಹುಡುಕಬೇಡಿ, ಆಣೆ ಬೇಡ, ಬೈಗುಳ ಬೇಡ, ಅವಳು ಹೇಳಿದಾಗ ಕೇಳಿಸಿಕೊಳ್ಳಿ ಅಂದರು. "ಒಳಗ ಗದ್ದಲ ಆಗತೈತಿ ಮೇಡಂ, ಯಾರಿಗೂ ಕೇಳಸೂದಿಲ್ಲ" ಅಂದಿದ್ದಳಂತೆ ನೇತ್ರಾ. ಇಂಥ ಮಾತು ಅವಳೊಳಗೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗದ್ದಲ ಹೆಚ್ಚಾದ ದಿನ ಮೊದಲು ಯಾರಿಗೆ ಹೇಳುತ್ತೀ ಅಂತ ಡಾಕ್ಟರ್ ನನ್ನೆದುರಿಗೇ ಅವಳನ್ನು ಕೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಬಳಿ ಅಜ್ಜಿಗೆ" ಅಂದಳು.

ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತೆ. ಆದರೆ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಮುಷ್ಟಿ ಬಿಗಿಸುವವಳು ಅಂತ ಅವಳಿಗೆ ತಿಳಿದಿತ್ತು. ಅವತ್ತಿನಿಂದ ನನಗೆ ಬೇಕಾದದ್ದು ಒಂದೇ. ಅವಳು ಒಂದು ದಿನ ನನ್ನ ಬಳಿ ಬಂದು ತಾನಾಗಿ ಹೇಳಬೇಕು. ಕೇಳಿ ಪಡೆಯುವ ವಸ್ತುವಲ್ಲ ಅದು. ಕಾಯುತ್ತ ಎರಡು ವರ್ಷವಾಯಿತು.

ಈ ಎರಡು ವರ್ಷ ಏರಿಳಿತದಲ್ಲೇ ಹೋಗಿವೆ. ಚೆನ್ನಾಗಿರುವ ತಿಂಗಳು ಇವೆ, ಕೆಟ್ಟ ವಾರಗಳೂ ಇವೆ, ಡಾಕ್ಟರ ಹತ್ತಿರ ಹೋಗುವುದು ನಿಂತಿಲ್ಲ. ನೇತ್ರಾ ಈಗ ಡಿಗ್ರಿ ಎರಡನೆಯ ವರ್ಷ, ದಿನಾ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಚೌಕಟ್ಟನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ್ದೇನೆ. ಶಾಲೆಯಲ್ಲಿ ತಿದ್ದಿದ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ರಾಶಿ ಹಾಕಿ ತೆಗೆದುಕೊಂಡು ಹೋಗಿ ಅನ್ನುವುದನ್ನು ಬಿಟ್ಟಿದ್ದೇನೆ. ಒಬ್ಬೊಬ್ಬರನ್ನೇ ಕರೆದು ಕೈಗೆ ಕೊಡುತ್ತೇನೆ, ಹುಡುಗರಿಗೂ. ಮುಖ ನೋಡಿ ಏನಾದರೊಂದು ಮಾತಾಡುತ್ತೇನೆ. ಅರ್ಧ ಪಿರಿಯಡ್ ಇದಕ್ಕೇ ಹೋಗುತ್ತದೆ ಅಂತ ಹೆಡ್‌ಮಾಸ್ಟರು ಗೊಣಗುತ್ತಾರೆ, ಗೊಣಗಲಿ. ಖಾತೂನಬಿಯ ಕಣ್ಣಿಗೆ ಈಗ ನಿಜವಾಗಿಯೂ ಪೊರೆ ಬಂದಿದೆ. ಬಳೆಯ ಬಣ್ಣವನ್ನು ಪಕ್ಕದವರು ಹೇಳಬೇಕು. ಅಳತೆ ಮಾತ್ರ ಇನ್ನೂ ತಪ್ಪಿಲ್ಲ. ಎಷ್ಟು ಮನೆಗಳ ಎಷ್ಟು ನೋವು ಆ ಬೆರಳುಗಳಿಗೆ ಗೊತ್ತಿದೆಯೋ, ಹೇಗೆ ಅದನ್ನೆಲ್ಲ ಇಟ್ಟುಕೊಂಡು ಆಕೆ ನಗುತ್ತಾಳೋ, ನನಗೆ ಇವತ್ತಿಗೂ ಬೆರಗು.

ಹೀಗೆ ಕೆಂಪು ಸಾಬೂನು ಹಿಡಿದು, ಹೊತ್ತು ಮರೆತು ನಿಂತಿದ್ದೆ. ಬಚ್ಚಲ ಬಾಗಿಲಲ್ಲಿ ಸಪ್ಪಳವಾಯಿತು. ನೇತ್ರಾ. ಅರ್ಧ ತೋಳಿನ ಅಂಗಿ ಹಾಕಿದ್ದಳು, ಇತ್ತೀಚೆಗೆ ಹಾಕುತ್ತಾಳೆ. ಬಸ್ಸಿಗೆ ಹೊತ್ತಾಯಿತು ಅಂತ ಹೇಳಲು ಬಂದಿರಬೇಕು ಅಂದುಕೊಂಡೆ.

"ಅತ್ತಿ," ಅಂದಳು. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಇವತ್ತ ಚಲೋ ಇಲ್ಲ ಅತ್ತಿ. ಒಳಗ ಗದ್ದಲ ಭಾಳ ಐತಿ. ನಿಮಗ ಹೇಳೂಣು ಅನ್ನಿಸ್ತು."

ಎರಡು ವರ್ಷ ಕಾದ ಮಾತು. ನಾನೇನು ಮಾಡಿದೆ? ಸಾಬೂನು ಕೆಳಗೆ ಬಿತ್ತು. ಕಲಿತದ್ದೆಲ್ಲ ಮರೆತು, ಒದ್ದೆ ಕೈಯಿಂದಲೇ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಬಿಟ್ಟರೆ ಎಲ್ಲಿ ಹೋಗುತ್ತಾಳೋ ಅನ್ನುವ ಹಾಗೆ.

"ಅತ್ತಿ, ಕೈ ಸಡ್ಲ ಬಿಡ್ರಿ," ಅಂದಳು ನೇತ್ರಾ, ಮೆಲ್ಲಗೆ. "ನಾ ಇಲ್ಲೇ ಅದೀನಿ."

ನಾನು ಸಡಿಲ ಬಿಟ್ಟೆ. ಅವಳು ತನ್ನ ಕೈ ತೆಗೆದುಕೊಳ್ಳಲಿಲ್ಲ.